ದಾರವಿಲ್ಲದ ಹೊಲಿಗೆ

ಮೊದಲ ವಾರ ಖೈರುನ್ ಬೀ ದಾರ ಕೊಡಲಿಲ್ಲ.
ಹಳೆಯ ಪೇಪರು ಕೊಟ್ಟಳು, ಒಂದು ಪೆನ್ಸಿಲ್ ತುಂಡು:
ಗೆರೆ ಎಳಕೋ, ಗೆರೆ ಮ್ಯಾಲೆ ನಡಿ.
ಬರಿಯ ಸೂಜಿ, ಬರಿಯ ಸದ್ದು.
ನಿಧನ ವಾರ್ತೆಯ ನಡುವೆ, ಮೆಣಸಿನಕಾಯಿ ಧಾರಣೆಯ ನಡುವೆ
ಇರುವೆ ಸಾಲಿನ ಹಾಗೆ ತೂತು.
ಬಾಗಿಲಿಗೆ ಹಿಡಿದು ನೋಡಿದರೆ
ಕೌಲ್ ಬಜಾರಿನ ಬಿಸಿಲು ಸಾಲಾಗಿ ಒಳಗೆ ಬಂತು,
ಸೊಟ್ಟ ಸಾಲಾಗಿ.

ಎರಡನೇ ಗೇಟಿನಲ್ಲಿ ರೈಲು ಹೋದಾಗ
ಟೇಬಲ್ಲು ನಡುಗುತ್ತದೆ.
ಸೊಟ್ಟಗಾದದ್ದು ರೈಲಿನಿಂದ ಅನ್ನುತ್ತೇನೆ.
ರೈಲಿಲ್ಲದ ಹೊತ್ತಿನ ಸೊಟ್ಟಕ್ಕೆ
ಏನೂ ಅನ್ನುವುದಿಲ್ಲ.

ಸಂಡೂರಿನ ಇಳಿಜಾರಲ್ಲಿ
ಹದಿನಾರು ಟನ್ ಅದಿರು ಬೆನ್ನ ಮೇಲಿದ್ದಾಗಲೂ
ಬೀಡಿ ಹಚ್ಚಿಕೊಂಡೇ ತಿರುವು ದಾಟಿದವನು ನಾನು.
ಇಲ್ಲಿ ಒಂದು ಗೇಣು ನೆಟ್ಟಗೆ ಹೋಗಲು
ಮೂಗಿನ ತುದಿಗೆ ಬೆವರು.
ಕ್ಲಚ್ಚಿಲ್ಲ, ಗೇರಿಲ್ಲ, ಬೈಯಲು ಎದುರಿಗೆ ಗಾಡಿಯಿಲ್ಲ.
ಕಾಲು ಮಾತ್ರ ಹಳೆಯ ಚಾಳಿಗೆ ಬ್ರೇಕು ಹುಡುಕುತ್ತದೆ,
ಹುಡುಕಿದಾಗೆಲ್ಲ ಚಕ್ರ ಹಿಂದಕ್ಕೆ ತಿರುಗುತ್ತದೆ.
'ಎರ್ರಿಸ್ವಾಮಣ್ಣಾ, ರಿವರ್ಸ್ ಬ್ಯಾಡ!
ನಾಳಿ ದಾರ ಹಾಕಿದ್ರ ಹರೀತೈತಿ.'
ಬೆಂಚಿನ ಕೊನೆಯ ಮೂವರು ಹುಡುಗಿಯರು
ದುಪಟ್ಟಾ ಬಾಯಿಗೆ ತುರುಕಿಕೊಂಡರು.

ದಾರ ಸಿಕ್ಕಿದ್ದು ಎಂಟನೆಯ ದಿನ.
ಸೂಜಿಯ ಕಣ್ಣೂ ನಲವತ್ತಾರರ ನನ್ನ ಕಣ್ಣೂ
ಒಂದನ್ನೊಂದು ನೋಡುತ್ತ ಕೂತವು.
ಎಂಜಲು ಹಚ್ಚಿದೆ, ಹೊಸೆದೆ, ಉಸಿರು ಹಿಡಿದೆ.
ದಾರ ಪಕ್ಕಕ್ಕೆ ಸರಿಯಿತು,
ಮದುವೆ ಮನೆಯಲ್ಲಿ ಸಾಲ ಕೊಟ್ಟವನನ್ನು ಕಂಡವನ ಹಾಗೆ.
ಕೊನೆಗೆ ಪೋಣಿಸಿಕೊಟ್ಟವಳು ಖೈರುನ್ ಬೀ ಮಗಳು,
ಎರಡನೇ ಕ್ಲಾಸು, ಮುಂದಿನ ಹಲ್ಲು ಬಿದ್ದವಳು,
ಒಂದು ಸಲಕ್ಕೆ ಒಂದು ರೂಪಾಯಿ.
ಆ ದಿನ ಹನ್ನೊಂದು ರೂಪಾಯಿ ಕೊಟ್ಟೆ.

ಉಗುರ ಸಂದಿಯ ಕೆಂಪು ಮಣ್ಣು
ಟಿಪ್ಪರು ಮಾರಿದ ಮೇಲೂ ಇತ್ತು.
ಸೋಪಿಗೆ ಜಗ್ಗಲಿಲ್ಲ, ಸೀಮೆಎಣ್ಣೆಗೂ.
ಈಗ ನೋಡಿದರೆ ನೀಲಿ.
ಜೀನ್ಸಿನ ಚಿಂದಿ ಬಿಟ್ಟ ಬಣ್ಣ
ರೊಟ್ಟಿಯ ಅಂಚಿಗೂ ಹತ್ತುತ್ತದೆ.
ಕೆಂಪು ಯಾವತ್ತು ಹೋಯಿತು?
ಹೇಳಿ ಹೋಗಲಿಲ್ಲ.

ಆಮೇಲೆ ಕಿಸೆ.
ಮೂರು ಬದಿ ಹೊಲಿ, ಒಂದು ಬದಿ ಬಿಡು. ಇಷ್ಟೇ.
ನಾಲ್ಕೂ ಹೊಲಿದೆ.
ಅಷ್ಟು ನೆಟ್ಟಗೆ ನಾನು ಅದುವರೆಗೆ ಹೊಲಿದಿರಲಿಲ್ಲ.
ಹುಡುಗಿಯರು ಈ ಸಲ ದುಪಟ್ಟಾ ಹುಡುಕಲಿಲ್ಲ.
ಖೈರುನ್ ಬೀ ತಿರುವಿ ನೋಡಿದಳು, ಬೆರಳಾಡಿಸಿದಳು,
ಬ್ಲೇಡು ಮುಂದೆ ಇಟ್ಟಳು:
'ಚಲೋ ಹೊಲಿಗಿ. ಬಿಚ್ಚಣ್ಣ.
ಬಟ್ಟಿ ಕೊಯ್ಬ್ಯಾಡ, ದಾರ ಅಷ್ಟ ಕೊಯ್ಯಿ.'
ಹೊಲಿಯಲು ಹತ್ತು ನಿಮಿಷ ಹಿಡಿದಿತ್ತು.
ಬಿಚ್ಚುತ್ತ ಕೂತಲ್ಲೇ ಎರಡು ರೈಲು ಹೋದವು.

ರಾತ್ರಿ ಮನೆ ಮಲಗಿದ ಮೇಲೆ
ಟ್ರಂಕಿನಿಂದ ಖಾಕಿ ಅಂಗಿ ತೆಗೆದೆ.
ಎರಡನೆಯ ಗುಂಡಿಯ ಜಾಗದಲ್ಲಿ ಪಿನ್ನು,
ತೋರಣಗಲ್ಲಿನ ಕೊನೆಯ ಟ್ರಿಪ್ಪಿನ ಬೆಳಗ್ಗೆ
ಗಾದಿಲಿಂಗಮ್ಮ ಚುಚ್ಚಿಕೊಟ್ಟದ್ದು.
ಮೊಬೈಲಿನ ಬೆಳಕು ಗೋಡೆಗೊರಗಿಸಿ
ನಾನೇ ಪೋಣಿಸಿದೆ, ಆರನೆಯ ಸಲಕ್ಕೆ.
ನಾಲ್ಕು ತೂತಿಗೆ ಅಡ್ಡ, ಮತ್ತೆ ಅಡ್ಡ,
ಸುತ್ತಿ ಗಂಟು ಹಾಕಿ ಹಲ್ಲಿಂದ ಕಡಿದೆ.
ಜಗ್ಗಿದೆ. ಜಗ್ಗಲಿಲ್ಲ.
ತೊಟ್ಟು ನೋಡೋಣ ಅಂದರೆ
ಒಂದು ಕೈ ಹೋಯಿತು, ಮೈ ಹೋಗಲಿಲ್ಲ.
ಅಂಗಿಯ ಎದೆಯನ್ನೂ ಬೆನ್ನನ್ನೂ
ಒಂದೇ ಗುಂಡಿಗೆ ಹೊಲಿದಿದ್ದೆ.

ಹಾಸಿಗೆಯ ಕಡೆಯಿಂದ ಒಂದು ಸದ್ದು,
ಕೆಮ್ಮಲ್ಲ.
'ಬ್ಲೇಡು ಕಿಡಕಿ ಮ್ಯಾಗ ಐತಿ,' ಅಂದಳು ಗಾದಿಲಿಂಗಮ್ಮ,
ಆ ಕಡೆ ಹೊರಳಿ,
'ಪಿನ್ನು ಒಗೀಬ್ಯಾಡ. ಬೇಕಾಗ್ತೈತಿ.'