ಮುಟ್ಟದ ಚೆಂಡಿಗೆ ಮೂರು ಅಂಕ

ನಮ್ಮ ಪುಂತಾ ಅರೇನಸ್ಸಿನಲ್ಲಿ ಗಾಳಿಗೆ ಹೆದರಿ
ಬೀದಿಬದಿ ಹಗ್ಗ ಕಟ್ಟಿರುತ್ತಾರೆ, ಹಿಡಿದು ನಡೆಯಲು.
ಇಲ್ಲಿ ಗೋಲಿಯಾದರೆ
ನೀನೇ ಒದ್ದ ಚೆಂಡು ಅರ್ಧ ದಾರಿ ಹೋಗಿ
ಏನೋ ಮರೆತವರ ಹಾಗೆ ನಿನ್ನತ್ತಲೇ ಬರುತ್ತದೆ.

ನಾನು ಬಟ್ಟೆ ಒಗೆಯುವವಳು. ಏಡಿ ಕಾರ್ಖಾನೆಯ
ಹೆಂಗಸರ ತಂಡಕ್ಕೆ, ಇಪ್ಪತ್ತೆರಡು ವರ್ಷ.
ಆಟ ನನಗೆ ಗೊತ್ತಿರುವುದೆಲ್ಲ ಕೆಸರಿನಿಂದ:
ಯಾರು ಬಿದ್ದರು, ಯಾರನ್ನು ಬೀಳಿಸಿದರು.

ಎದೆಲ್ಮೀರಾ ಬಂದದ್ದು ಮೇ ತಿಂಗಳಲ್ಲಿ,
ಮೂರು ವರ್ಷ ಎಲ್ಲೋ ಇದ್ದು, ಅಜ್ಜಿಯ ಹೆಸರಿಟ್ಟುಕೊಂಡು.
ಬಂದರಿನ ಗಂಡಸರ ತಂಡದಲ್ಲಿ ಬೇರೆ ಹೆಸರಿತ್ತು;
ಅದನ್ನು ನಾನು ಹೇಳುವುದಿಲ್ಲ.
ಅದೇ ಕೈ, ಅದೇ ಒಂದನೇ ನಂಬರು,
ಎಡಗಾಲನ್ನು ಎರಡು ಸಲ ಮಣ್ಣಿಗೊತ್ತುವ ಅದೇ ಚಾಳಿ.
ಲೀಗಿನ ಅಲ್ವಾರಾದೊ ಫೈಲು ತೆರೆದ, ಮುಚ್ಚಿದ,
ವೈದ್ಯರ ಚೀಟಿ ಕೇಳಿದ, ಇನ್ನೊಂದು ಕೇಳಿದ,
ಕೊನೆಗೆ ಮೊಹರೊತ್ತಿದ, ಮುಖ ನೋಡದೆ.

ಎದುರು ತಂಡದವರು ಬಸ್ಸಿನ ಗಾಜಿಗೆ ಮುಖವೊತ್ತಿ ಕೂತರು.
ಇಳಿಯಲಿಲ್ಲ.
ರೆಫರಿ ಗಡಿಯಾರ ನೋಡಿದ, ಸೀಟಿ ಊದಿದ,
ಮುಟ್ಟದ ಚೆಂಡಿಗೆ ಮೂರು ಅಂಕ ಬರೆದುಕೊಂಡ.
ಹೀಗೆ ಆರು ಭಾನುವಾರ. ಪಟ್ಟಿಯಲ್ಲಿ ನಾವೇ ಮೇಲೆ!
ಆರು ಭಾನುವಾರ ಅವಳ ಅಂಗಿ
ಕೊಟ್ಟ ಮಡಿಕೆ ಮುರಿಯದೆ ವಾಪಸು ಬಂತು.

ಒಂದು ಮಾತು ಹೇಳಿಬಿಡುತ್ತೇನೆ.
ಮೊದಲ ವಾರ, ಕೊಳೆಯೇ ಇರದ ಆ ಅಂಗಿಯನ್ನು
ನಾನೂ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದ್ದೆ.
ಹಸಿರು, ಬಣ್ಣ ಬಿಡುತ್ತದೆ ಅಂದುಕೊಂಡೆ.
ಅವಳು ಬಾಗಿಲಲ್ಲಿ ನಿಂತಿದ್ದಳು.
"ಸೋಪು ಸಾಕಾಗುತ್ತಾ, ದೋನ್ಯಾ ಉಂಬೆಲೀನಾ?"
ಅಷ್ಟೇ ಕೇಳಿದಳು.

ಏಳನೇ ಭಾನುವಾರ ನಾತಾಲೆಸ್ಸಿನವರು ಇಳಿದರು.
ಯಾಕೋ ಕಾಣೆ. ಬಸ್ಸಿನ ಹೀಟರು ಕೆಟ್ಟಿತ್ತು ಅನ್ನುತ್ತಾರೆ.
ಅವರ ಒಂಬತ್ತನೇ ನಂಬರಿನ ಕುಳ್ಳಿ
ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಒದ್ದಳು, ಒದ್ದಳು.
ನಾಲ್ಕು ಗೋಲು ತಿಂದಳು ನಮ್ಮ ಎದೆಲ್ಮೀರಾ.
ಗಂಡಸಿನ ಬಲ, ಗಂಡಸಿನ ಬಲ ಎಂದು ಕೂಗುತ್ತಿದ್ದ ಗ್ಯಾಲರಿ
ನಾಲ್ಕನೆಯದಕ್ಕೆ ತೆಪ್ಪಗಾಯಿತು.
ನಾಲ್ಕು ಸಲವೂ ಚೆಂಡನ್ನು ತಾನೇ ಬಲೆಯಿಂದ ಬಿಡಿಸಿದಳು,
ಜೀವದ ಏಡಿಯನ್ನು ಬಿಡಿಸುವಷ್ಟು ಜೋಪಾನವಾಗಿ.
ಆಮೇಲೆ ಓಡಿ ಬಂದಳು, ಗಲ್ಲದ ತನಕ ಕೆಸರು,
ನಗು ತಡೆಯಲಾರದೆ:
"ಸೋತೆ! ನೋಡಿ, ಸೋಲಿಸಿದರು ನನ್ನನ್ನ!"

ಮುಂದಿನದೆಲ್ಲ ಪತ್ರಿಕೆಯಲ್ಲಿದೆ. ಸಾಂತಿಯಾಗೊದ ಕ್ಲಬ್ಬು,
ತಡೆದ ಪೆನಾಲ್ಟಿಗಳು, ಮುರಿದು ಸೊಟ್ಟಗೆ ಕೂಡಿದ ಉಂಗುರಬೆರಳು.
ಮೂವತ್ತೆಂಟಕ್ಕೆ ಮರಳಿದವಳು ಈಗ ಹುಡುಗಿಯರಿಗೆ
ಪಕ್ಕೆಯ ಮೇಲೆ ಬೀಳುವುದನ್ನು ಕಲಿಸುತ್ತಾಳೆ,
ಬಂದರಿನ ಹಿಂದಿನ ಬಯಲಿನಲ್ಲಿ, ಸಂಜೆ ನಾಲ್ಕಕ್ಕೆ.

ನನಗೆ ಮಾತ್ರ ಆ ಭಾನುವಾರದ ನೀರು ನೆನಪು.
ಮೂರು ಸಲ ಬದಲಿಸಿದರೂ ಕಂದು.
ಎಲ್ಲರದರ ಜೊತೆ ಒಂದೇ ತೊಟ್ಟಿಗೆ ಹಾಕಿದ್ದೆ;
ಹಸಿರು ನಿಜಕ್ಕೂ ಬಣ್ಣ ಬಿಟ್ಟು
ಹಳದಿಗಳಿಗೆಲ್ಲ ಅಷ್ಟಷ್ಟು ಹತ್ತಿತ್ತು.
ಯಾರೂ ದೂರಲಿಲ್ಲ.
ಹೊರಗೆ ಹರವಿದರೆ ಗಾಳಿ, ತೋಳಿಗೆ ತೋಳು ಗಂಟುಬಿದ್ದು
ಬಿಡಿಸುವಷ್ಟರಲ್ಲಿ ಕತ್ತಲಾಯಿತು.