ತಕ್ಕದ್ದು

ನಮ್ಮ ಸುತ್ತೋಲೆಯ ಪ್ರತಿ ಸಾಲೂ ಹೀಗೇ ಮುಗಿಯುತ್ತದೆ:
ಹಾಜರಾತಿ ನೂರಕ್ಕೆ ಎಪ್ಪತ್ತೈದು ಇರತಕ್ಕದ್ದು.
ಬೇರೆ ಯಾವ ಮೂಲದಿಂದಲೂ ನೆರವು ಪಡೆದಿರತಕ್ಕದ್ದಲ್ಲ.
ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಸ್ಪರ್ಧೆಯನ್ನು
ಪೂರ್ಣಗೊಳಿಸಿರತಕ್ಕದ್ದು.

ನಮ್ಮೂರಲ್ಲಿ ಆ ಮಾತಿನ ದಾರಿಯೇ ಬೇರೆ.
ಮಾಡಿದ್ದಕ್ಕೆ ತಕ್ಕದ್ದು ಸಿಕ್ತು ಅನ್ನುತ್ತಿದ್ದಳು ನಮ್ಮವ್ವ,
ಕೂಲಿ ಎಣಿಸಿಕೊಂಡಾಗಲೂ,
ಕೋಳಿ ಕದ್ದವನು ಸಿಕ್ಕಿಬಿದ್ದಾಗಲೂ.

ಮಂಡ್ಯದ ಕಾಲೇಜು, ಮೂರನೇ ಟೇಬಲ್ಲು, ಕಿಟಕಿ ಪಕ್ಕ.
ಹತ್ತೊಂಬತ್ತು ವರ್ಷದಿಂದ ಇಲ್ಲೇ ಕೂತಿದ್ದೇನೆ,
ದ್ವಿತೀಯ ದರ್ಜೆ ಸಹಾಯಕಿ.
ಫೀಸು, ಬಸ್ ಪಾಸು, ಮತ್ತೆ ಯಾರೂ ಮುಟ್ಟಲೊಲ್ಲದ
ಕ್ರೀಡಾ ವಿದ್ಯಾರ್ಥಿವೇತನದ ಕಡತ.

ಎಚ್. ಸಿ. ದೇವೀರಮ್ಮ, ಎರಡನೇ ಬಿ.ಎ., ಹೊಳಲು.
ಅಜ್ಜಿಯ ಹೆಸರು. ಬ್ಯಾಂಕಿನವರು ಪಾಸ್‌ಬುಕ್ಕಿನಲ್ಲಿ
ಅದರ ದೀರ್ಘ ನುಂಗಿದ್ದಾರೆ; ಅದಕ್ಕೊಂದು ಬೇರೆ ಪತ್ರ.
ಓಡುವವಳಲ್ಲ, ನಡೆಯುವವಳು.
ನಡಿಗೆಗೂ ಪಂದ್ಯವಿದೆ ಅಂತ ನನಗೆ ಗೊತ್ತಾಗಿದ್ದೇ
ಅವಳ ಅರ್ಜಿಯಿಂದ.
ಬೆಳಗಿನ ಐದಕ್ಕೆ ಡೇರಿಗೆ ಹಾಲು ಹಾಕಿ,
ಖಾಲಿ ಕ್ಯಾನು ಅಲ್ಲೇ ಬಾಗಿಲ ಸಂದಿಗಿಟ್ಟು,
ನಾಲೆ ಏರಿ ಮೇಲೆ ಸೊಂಟ ತಿರುವುತ್ತ ಹೊರಟರೆ
ಟ್ರ್ಯಾಕ್ಟರಿನವರು ನಗುತ್ತಾರಂತೆ.
"ನಗ್ಲಿ ಮೇಡಂ, ಅವ್ರ್ನೇ ದಾಟ್ಕಂಡ್ ಓಯ್ತೀನಿ."

ಆಟಕ್ಕೂ ನಿಯಮವುಂಟು. ಅವಳೇ ಹೇಳಿಕೊಟ್ಟಳು,
ನನ್ನ ಮೇಜಿನ ಮೇಲೆ ಎರಡು ಬೆರಳು ನಡೆಸಿ:
ಒಂದು ಕಾಲು ಸದಾ ನೆಲದಲ್ಲಿರಬೇಕು.
ಮುಂದಿಟ್ಟ ಮಂಡಿ ಮಡಿಚಬಾರದು.
ಅಲೆ ಬರೆದ ಹಳದಿ ಫಲಕ ಎತ್ತಿದರೆ ಎಚ್ಚರಿಕೆ,
ಮೂರು ಕೆಂಪು ಚೀಟಿ ಬಿದ್ದರೆ ಹೊರಗೆ.

ಬಿದ್ದವು. ಇಪ್ಪತ್ತೈದು ಸುತ್ತಿನಲ್ಲಿ ಹದಿನೆಂಟು ಮುಗಿದಾಗ.
ನಾಲ್ಕನೆಯವಳಾಗಿದ್ದಳಂತೆ,
ಮೂರನೆಯವಳ ಜಡೆಯ ರಬ್ಬರ್ ಬ್ಯಾಂಡು ಕಾಣುತ್ತಿತ್ತಂತೆ.
"ಎಲ್ಡೂ ಕಾಲು ನೆಲ ಬಿಟ್ಟಿದ್ವಂತೆ ಮೇಡಂ.
ನಂಗೊತ್ತೇ ಆಗ್ನಿಲ್ಲ."
ತಪ್ಪೊಪ್ಪಿಕೊಂಡ ದನಿಯಲ್ಲ ಅದು.
ತನಗೆ ತಿಳಿಯದಂತೆ ಯಾರೋ ತೆಗೆದ ಫೋಟೋದಲ್ಲಿ
ತಾನು ಚೆನ್ನಾಗಿ ಬಂದಿದ್ದೇನೆ ಅಂತ ಕೇಳಿಸಿಕೊಂಡವಳ ದನಿ.

ನಿಯಮ ನಾಲ್ಕು. ಪೂರ್ಣಗೊಳಿಸಿರತಕ್ಕದ್ದು.
ಹನ್ನೆರಡು ಸಾವಿರ ರೂಪಾಯಿ.
ಅದರೊಳಗೆ ಪರೀಕ್ಷಾ ಶುಲ್ಕವಿದೆ, ದಿನಕ್ಕೆರಡು ಮೊಟ್ಟೆಯಿದೆ,
ಬೂಟಿನ ಅರ್ಧವಿದೆ.
ಇನ್ನರ್ಧ ಕೊಟ್ಟವರು ಆಲೆಮನೆ ಮರೀಗೌಡರು, ಬೆಲ್ಲದ ದುಡ್ಡಲ್ಲಿ.
ಅದನ್ನೂ ಬರೆದಿದ್ದಾಳೆ, ದುಂಡಗೆ,
ಬೇರೆ ಮೂಲದ ನೆರವು ಎಂಬ ಕಲಮಿನೆದುರು:
ಒಂದು ಜೊತೆ ಬೂಟು, ಅರ್ಧ.
ಬರೀಬೇಡ ಕಣೇ, ಅಂದೆ.
ಕೇಳವ್ರಲ್ಲ ಮೇಡಂ, ಅಂದಳು.

ಹಾಜರಾತಿ ಎಪ್ಪತ್ತೊಂದು. ಉಳಿದ ನಾಲ್ಕು
ಕೂಟಕ್ಕೆ ಹೋದ ರೈಲಿನಲ್ಲಿವೆ,
ಬೋರಲಿಂಗಯ್ಯ ಸರ್ ಸಹಿ ಹಾಕಬೇಕಾದ ಕಾಗದದಲ್ಲಿವೆ.
ಸರ್‌ಗೆ ಚುನಾವಣೆ ಡ್ಯೂಟಿ.

ಮಧ್ಯಾಹ್ನ ಬುತ್ತಿ ಬಿಚ್ಚದೆ ಟಿಪ್ಪಣಿ ಬರೆದೆ.
ಹದಿನೆಂಟು ಸುತ್ತೆಂದರೆ ಏಳು ಸಾವಿರದ ಇನ್ನೂರು ಮೀಟರು.
ನಡೆದಷ್ಟು ದೂರವನ್ನು ಪರಿಗಣಿಸಬಹುದೇ, ಅಂತ ಬರೆದು
'ಬಹುದೇ' ಹೊಡೆದುಹಾಕಿ 'ಬಹುದು' ಮಾಡಿದೆ.
ಹತ್ತೊಂಬತ್ತು ವರ್ಷದಲ್ಲಿ ನಾನು ನೆಲ ಬಿಟ್ಟದ್ದು ಅಷ್ಟೇ.

ಕಡತ ಮಹಡಿ ಹತ್ತಿತು. ಒಂಬತ್ತು ದಿನಕ್ಕೆ ಇಳಿಯಿತು,
ಹಸಿರು ಶಾಯಿಯಲ್ಲಿ ಒಂದೇ ಪದ ಹೊತ್ತು: ಚರ್ಚಿಸಿ.
ಯಾರೊಡನೆ ಅಂತ ಇರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ
ರೆಕಾರ್ಡ್ ರೂಮಿನಿಂದ ನಲ್ಲಿಯವರೆಗಿನ ಕಾರಿಡಾರಿನಲ್ಲಿ
ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಮಂಡಿ ಮಡಿಚದೆ
ನಡೆದು ನೋಡಿದೆ. ಹಿಮ್ಮಡಿ ಮೊದಲು, ಆಮೇಲೆ ಬೆರಳು.
ನಿಧಾನ ಇದ್ದಷ್ಟೂ ಹೊತ್ತು ತಪ್ಪೇ ಆಗುವುದಿಲ್ಲ.
ಒಂಚೂರು ಬೀಸು ಹೆಚ್ಚಿದರೆ ಸಾಕು,
ನೆಲವೇ ಕಾಲು ಬಿಡುತ್ತದೆ.

ಬೀಗದಕೈ ಹಿಡಿದು ನಿಂತಿದ್ದ ಸಿದ್ದಯ್ಯ ಕೇಳಿದ:
"ಸೊಂಟ ಉಳುಕ್ತಾ ಮೇಡಮ್ಮೋರೆ?"
"ಇಲ್ಲ ಕಣಪ್ಪ. ಚರ್ಚೆ ನಡೀತಾ ಇದೆ."