ಆರುನೂರು ಪುಟ ಮಂಜು

ಕ್ಲಿಫ್ಡನ್ನಿನ ಲೈಬ್ರರಿ, ಗುರುವಾರ, ಐದೇ ಜನ.
ಹೀಟರಿನ ಮೇಲೆ ಒದ್ದೆ ಕೈಗವುಸು.
ಮೊದಲು ಫೀಯಖ್ರ ಕೆಮ್ಮಿದ:
"ಆರುನೂರು ಪುಟ ಮಂಜು,
ಒಬ್ಬನಿಗಾದರೂ ನೆಗಡಿಯಿಲ್ಲ.
ರಾತ್ರಿ ಜವುಗಿನ ಮೇಲೆ ಓಡುತ್ತಾನಂತೆ ರಾಜಕುಮಾರ!
ನನ್ನ ಹಸು ಹೂತದ್ದು ಅಲ್ಲೇ, ಹಾಡುಹಗಲು."

ಪದಕೋಶದಲ್ಲಿ ಕೆರೆಯ ಹೆಸರೂ ತಪ್ಪೆಂದರು
ಡಾಹೀ ಮೇಷ್ಟ್ರು, ಮೂರು ಸಲ.

ಬ್ಲಾನಿಡ್ ಪುಸ್ತಕ ತೆರೆಯಲೇ ಇಲ್ಲ.
ಅವಳಜ್ಜಿ ಹೆಸರೆತ್ತುತ್ತಿರಲಿಲ್ಲ;
'ಆ ಕಡೆಯವರು' ಎಂದು ದನಿ ತಗ್ಗಿಸಿ
ಹಾಲಿನ ಪಾತ್ರೆ ಮುಚ್ಚುತ್ತಿದ್ದಳು.
ಇಲ್ಲಿ ಅವರಿಗೆ ವಂಶವೃಕ್ಷ, ನಕಾಶೆ,
ಕೊನೆಗೊಂದು ಮದುವೆ.

ಹನ್ನೊಂದು ವರ್ಷ ಕಾದಿದ್ದೆವು ಈ ಭಾಗಕ್ಕೆ.
ಬಿಸ್ಕತ್ತು ಮುಗಿಯಿತು. ಯಾರೂ ಏಳಲಿಲ್ಲ.

ಮರಳುವಾಗ, ಏನನ್ನೂ ನಂಬದ ಫೀಯಖ್ರ
ಒಂಟಿ ಮುಳ್ಳುಮರದ ಬಳಿ
ಹೆಡ್‌ಲೈಟು ತಗ್ಗಿಸಿದ.
ಹಿಂದಿನ ಸೀಟಿನಲ್ಲಿ ಪುಸ್ತಕ
ಬೋರಲು ಬಿದ್ದಿತ್ತು.